ಕಾರಿಗೊಂದು ಹೊಸ್ತಿಲು

ನಂಜನಗೂಡಿನ ಶಂಭುಲಿಂಗಪ್ಪನವರಿಗೆ ಅಕ್ಕಿ ಗಿರಣಿಯಿತ್ತು, ಕಲ್ಯಾಣ ಮಂಟಪವಿತ್ತು, ನಾಲ್ಕು ಜನರ ನಡುವೆ ಕುರ್ಚಿಯೂ ಇತ್ತು. ಇಲ್ಲದ್ದು ಇತಿಹಾಸ ಒಂದೇ. ಅದನ್ನು ಅವರು ಮರದಲ್ಲಿ ಮಾಡಿಸಲು ಹೊರಟರು.

ಅದಕ್ಕೆ ಬೇಕಾದ ಕಬ್ಬಿಣ ಮನೆಯಲ್ಲೇ ಇತ್ತು. ಮಗ ಅಮೃತೇಶ್ ನೀಲಗಿರಿಯ ಟೀ ತೋಟವೊಂದರ ಕೊಟ್ಟಿಗೆಯಿಂದ ಹಳೆಯ ರೋಲ್ಸ್ ರಾಯ್ಸ್ ಕಾರು ತಂದಿದ್ದ. ಕಾರು ಅಂದರೆ ಮೂತಿ, ಎಂಜಿನ್, ನಾಲ್ಕು ಚಕ್ರ, ಅವನ್ನು ಹಿಡಿದಿಟ್ಟಿದ್ದ ಎರಡು ಕಬ್ಬಿಣದ ತೊಲೆ. ಮಿಕ್ಕ ಮೈಯನ್ನೆಲ್ಲ ತುಕ್ಕು ತಿಂದಿತ್ತು. ಭಾನುವಾರ ಬಂದರೆ ಅವನು ಅದರ ಕೆಳಗೆ ಮಲಗಿರುತ್ತಿದ್ದ. ಎಂಜಿನ್ನಿಗೆ ಜೀವ ಬಂದ ಮೇಲೆ ಎರಡು ಬಾಳೆಕಾಯಿ ಕ್ರೇಟುಗಳನ್ನು ಸೀಟಿನಂತೆ ಕಟ್ಟಿ, ಭತ್ತ ಒಣಗಿಸುವ ಅಂಗಳದಲ್ಲಿ ಹೆಂಡತಿ ಪವಿತ್ರಳಿಗೆ ಅದನ್ನು ಓಡಿಸಲು ಕಲಿಸಿದ. "ಇದು ಅವಸರದೋರಿಗೆ ಬಗ್ಗೋ ಗಾಡಿ ಅಲ್ಲ ಕಣೇ. ಕ್ಲಚ್ ತುಳಿದು ತಾಳ್ಕೋಬೇಕು. ಒಳಗಿನ ಹಲ್ಲುಗಳು ನಿಂತ ಮೇಲೆ ಗೇರು ತಾನೇ ಬೀಳ್ತದೆ" ಎನ್ನುತ್ತಿದ್ದ. ಆಮೇಲೆ ಒಂದು ಬೆಳಗ್ಗೆ ಬೈಕಿನಲ್ಲಿ ತಾಂಡ್ಯಕ್ಕೆ ಹೋದವನು ವಾಪಸು ಬರಲಿಲ್ಲ.

ಅದಾಗಿ ಎರಡು ವರ್ಷ. ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿ ಬಂದಿದ್ದ ಪವಿತ್ರ ಮಾತು ಕಡಿಮೆ ಮಾಡಿದ್ದಳು. ಬಂದವರು ಅತ್ತರೆ ಅವರಿಗೆ ನೀರು ಕೊಡುತ್ತಿದ್ದಳು.

ಮಾವನವರು ಮಾತ್ರ ಸುಮ್ಮನಿರಲಿಲ್ಲ. ಹಿಂದೆ ಇಂಗ್ಲೆಂಡಿನ ದೊರೆಗಳೂ ನಮ್ಮ ರಾಜರೂ ದುಬಾರಿ ಕಾರುಗಳ ಹಿಂಭಾಗವನ್ನು ಕಿತ್ತು, ಅಲ್ಲಿ ಮರದ ಮೈ ಕೂರಿಸಿ, ಬಂದೂಕು, ನಾಯಿ, ಬುತ್ತಿ ತುಂಬಿಕೊಂಡು ಬೇಟೆಗೆ ಹೋಗುತ್ತಿದ್ದರೆಂದು ಅವರಿಗೆ ಮೊಬೈಲಿನಿಂದ ತಿಳಿಯಿತು. ಶಂಭುಲಿಂಗಪ್ಪನವರ ವಂಶದಲ್ಲಿ ಮೊಟ್ಟೆ ಒಡೆದವರೂ ಇರಲಿಲ್ಲ. ಆದರೂ ಮಂಟಪದ ಮುಂದೆ ಇಡಲು 'ರಾಜರ ಶಿಕಾರಿ ಕಾರು' ಎಂಬ ಬೋರ್ಡು ಮೊದಲು ತಯಾರಾಯಿತು, ಕಾರು ಆಮೇಲೆ. ಮದುವೆಗೆ ಬಂದವರು ಅದರ ಮುಂದೆ ಫೋಟೋ ತೆಗೆಸಿಕೊಳ್ಳಬೇಕು. ಯಾರೂ ತಳ್ಳಿಕೊಂಡು ಹೋಗದಂತೆ ಚಕ್ರಗಳನ್ನು ಅಚ್ಚಿನವರೆಗೆ ಸಿಮೆಂಟಿನಲ್ಲಿ ಹೂಳಬೇಕು. ಕಟ್ಟೆಯೂ ಸಿದ್ಧವಾಯಿತು.

ಸಿಮೆಂಟಿನ ಮಾತು ಕಿವಿಗೆ ಬಿದ್ದ ದಿನ ಪವಿತ್ರಳಿಗೆ ಎರಡು ವರ್ಷದಲ್ಲಿ ಮೊದಲ ಸಲ ಏನೋ ಒಂದು ಬೇಕೆನ್ನಿಸಿತು. ಚಕ್ರ ಹೂತು ಹೋಗುವ ಮೊದಲು ಆ ಕಾರನ್ನು ರಸ್ತೆಯ ಮೇಲೆ ಒಂದು ಸಲ ಓಡಿಸಬೇಕು.

"ಮಾವ, ಅದನ್ನ ನಾನೇ ಓಡಿಸ್ಕೊಂಡು ಬರ್ತೀನಿ" ಎಂದಳು.

"ನೋಡೋಣವ್ವ" ಎಂದರು ಶಂಭುಲಿಂಗಪ್ಪನವರು. ಆ ಮನೆಯಲ್ಲಿ ಇಲ್ಲ ಎನ್ನುವುದಕ್ಕೆ ಇದ್ದ ಮರ್ಯಾದೆಯ ಮಾತು ಅದು.

ಮರದ ಕೆಲಸ ತಿ. ನರಸೀಪುರದ ಸಣ್ಣಯ್ಯಾಚಾರಿಗೆ ಹೋಯಿತು. ಸುತ್ತಿನ ಊರುಗಳಲ್ಲಿ ಹೆಬ್ಬಾಗಿಲು ಎಂದರೆ ಸಣ್ಣಯ್ಯಾಚಾರಿ. ಅವನು ಹುಟ್ಟಿದಾಗಿನಿಂದ ಮನೆಬಾಗಿಲು ಬಿಟ್ಟು ಬೇರೇನನ್ನೂ ಮಾಡಿದವನಲ್ಲ. ಲಾರಿಯಲ್ಲಿ ಬಂದಿಳಿದ ರೋಲ್ಸ್ ರಾಯ್ಸಿನ ಸುತ್ತ ಬಂದು, ಮೊಬೈಲಿನ ಚಿತ್ರ ನೋಡಿ, "ಇಷ್ಟೇ ತಾನೇ ಬುದ್ಧಿ? ಚಕ್ರದ್ ಮ್ಯಾಲೆ ಒಂದು ತೊಟ್ಟಿ ಮನೆ" ಎಂದ. ಮನೆ ಕಟ್ಟುವಾಗ ಉದ್ದ ಅಗಲ ಕೂಡಿಸಿ ನೋಡುವ ಆಯದ ಲೆಕ್ಕವನ್ನೇ ಕಾರಿಗೂ ಹಾಕಿದ. ತೇಗದ ಚೌಕಟ್ಟು, ಹಲಸಿನ ಹಲಗೆ, ಮಗ್ಗುಲಿಗೆ ಸಣ್ಣ ಸಣ್ಣ ಕಿಟಕಿ. ಹಿಂದುಗಡೆ ಎರಡು ರೆಕ್ಕೆಯ ಹೆಬ್ಬಾಗಿಲು, ಅದರ ಮೇಲ್ಗಡೆ ಕೆತ್ತನೆಯ ನಂದಿ. ಕೆಳಗೆ, ಗೇಣು ಎತ್ತರದ ಬೀಟೆಯ ಹೊಸ್ತಿಲು.

ಕಾರಿನ ಪೂಜೆಯ ದಿನ ಮನೆಯವರೆಲ್ಲ ನರಸೀಪುರಕ್ಕೆ ಹೊರಟರು. ಅವತ್ತೇ ಮಧ್ಯಾಹ್ನ ನಂಜನಗೂಡಿನ ಮಂಟಪದಲ್ಲಿ ಊರಿನ ದೊಡ್ಡವರೆಲ್ಲ ಸೇರಿ ಕಾರನ್ನು ಕಟ್ಟೆಗೆ ಹತ್ತಿಸುವ ಸಮಾರಂಭ. ನಮ್ಮ ಶರಣರು ಎಂಟು ನೂರು ವರ್ಷದ ಹಿಂದೆಯೇ ವಿಧವೆ, ಮುತ್ತೈದೆ, ವಾಸ್ತು, ಮುಹೂರ್ತ ಎಲ್ಲ ತೊಡೆದು ಹಾಕಿದರು ಎಂದು ಶಂಭುಲಿಂಗಪ್ಪನವರು ಪ್ರತಿ ಬಸವ ಜಯಂತಿಗೂ ಭಾಷಣ ಮಾಡುತ್ತಿದ್ದರು. ಆ ನಂಬಿಕೆಗೆ ತಕ್ಕಂತೆ ಅತ್ತೆ ಗುರುಸಿದ್ದಮ್ಮ ಸೊಸೆಯನ್ನೂ ಕರೆದರು. "ಬಾ ಪವಿತ್ರಾ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ. ನೀನು ಇನ್ನೋವಾದಲ್ಲೇ ಕೂತಿರು. ಉಪ್ಪಿಟ್ಟಿನ ಪಾತ್ರೆ ನೋಡ್ಕೊಳ್ಳೋಕೆ ಒಬ್ರು ಬೇಕು."

ಪವಿತ್ರ ಪಾತ್ರೆ ನೋಡಿಕೊಳ್ಳುತ್ತ ಇನ್ನೋವಾದ ಗಾಜಿನಿಂದ ಎಲ್ಲವನ್ನೂ ಕಂಡಳು.

ಮೊದಲು ಗುರುಸಿದ್ದಮ್ಮ ಹೊಸ್ತಿಲನ್ನು ಕಂಡರು. "ಅಯ್ಯೋ ಶಿವನೇ! ಕಾರಿಗೆ ಹೊಸ್ತಿಲು ಯಾಕೋ ಆಚಾರಿ?"

"ಒಸ್ಲಿಲ್ಲದ ಬಾಗ್ಲ ನಾನು ಬಚ್ಚಲಿಗ್ ಮಾತ್ರ ಇಕ್ಕದು ಕಣವ್ವ. ರೋಲ್ಸ್ ರಾಯ್ಸ್‌ಗೆ ಬಚ್ಚಲ್ ಬಾಗ್ಲ ಇಕ್ಲಾ?"

ಗುರುಸಿದ್ದಮ್ಮನ ಕೈ ತಾನಾಗಿ ಅರಿಶಿನದ ಬಟ್ಟಲಿಗೆ ಹೋಯಿತು. ಹೊಸ್ತಿಲು ಕಂಡ ಮೇಲೆ ಬರಿದಾಗಿ ಬಿಡುವುದುಂಟೆ? ಅರಿಶಿನ ಬಳಿದು, ವಿಭೂತಿ ಎಳೆದು, ಹೂ ಇಟ್ಟರು. ಬೆಳಗಿನವರೆಗೂ ಕಾರಾಗಿದ್ದದ್ದು ಅಷ್ಟರಲ್ಲಿ ಮುಕ್ಕಾಲು ಮನೆಯಾಯಿತು. ಪೂಜೆ ಮಾಡಿಸಲು ಬಂದಿದ್ದ ಅಯ್ನೋರು ಶಿವಸ್ವಾಮಿಗಳು ಕಣ್ಣು ಕಿರಿದು ಮಾಡಿ ಸೂರ್ಯನನ್ನು ನೋಡಿದರು, ಬಾಗಿಲನ್ನು ನೋಡಿದರು.

"ಶಂಭುಲಿಂಗಪ್ಪ, ಬಾಗಿಲು ದಕ್ಷಿಣಕ್ಕಿದೆ!"

ಮೂತಿ ಉತ್ತರಕ್ಕೆ ಮಾಡಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ ಕಾರು. ಹಿಂಬಾಗಿಲು ನೇರ ಯಮನ ಕಡೆಗಿತ್ತು. ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಚಾರಿಗೆ ಮಾತ್ರ ಕೋಪ ಬಂತು. "ಚಕ್ರ ಐತಲ್ಲ ಸ್ವಾಮೇರಾ, ತಿರುಗಿಸ್ಕಳಿ!"

ತಿರುಗಿಸಲು ಗಿರಣಿಯ ಲಾರಿ ಡ್ರೈವರ್ ಕುಮಾರ ಹತ್ತಿದ. ಎಡಗೈಯಿಂದ ಗೇರು ತಡಕಾಡಿದ. ಸೀಟಿನ ಕೆಳಗೂ ನೋಡಿದ.

"ಗೇರೇ ಇಲ್ವಲ್ಲ ಸಾ ಇದ್ರಲ್ಲಿ!"

"ಬಲಗಡೆ ನೋಡ್ಲಾ, ಬಾಗ್ಲ ಪಕ್ದಲ್ಲಿ" ಎಂದ ಆಚಾರಿ.

"ಬಲಗಡೆ ಗೇರ್ ಇಕ್ಕುದ್ ಪುಣ್ಯಾತ್ಮ ಯಾವನ್ಲಾ ಅವ್ನು?" ಎನ್ನುತ್ತ ಕುಮಾರ ಎಳೆದ. ಒಳಗಿನಿಂದ ಯಾರೋ ಕಬ್ಬಿಣದ ಕಡಲೆ ಅಗಿದಂಥ ಸದ್ದು ಬಂತು. ಇನ್ನೂ ಜೋರಾಗಿ ಎಳೆದ. ಸದ್ದೂ ಜೋರಾಯಿತು. ಆಮೇಲೆ ಹತ್ತು ಜನ ಸೇರಿ ತಳ್ಳಿದರು. ತೇಗದ ಮನೆ ಒಂದು ಗೇಣು ಹೋಗಿ, ಯೋಚನೆ ಮಾಡಿ, ಎರಡು ಗೇಣು ವಾಪಸು ಬಂತು.

"ಮುಹೂರ್ತ ಮೀರ್ತಾ ಇದೆ" ಎಂದರು ಶಿವಸ್ವಾಮಿಗಳು.

ಪವಿತ್ರ ಇನ್ನೋವಾದಿಂದ ಇಳಿದಳು. ಕುಮಾರನ ಪಕ್ಕದಲ್ಲಿ ನಿಂತು, "ಇಳಿಯಪ್ಪ" ಎಂದಳು. ಅವನು ಇಳಿದ. ಅಷ್ಟು ಜನರಲ್ಲಿ ಬೇಡ ಎನ್ನಬೇಕಾದವರು ಬಹಳ ಮಂದಿ ಇದ್ದರು, ಆದರೆ ಮುಹೂರ್ತವೂ ಮೀರುತ್ತಿತ್ತು. ಅವಳು ಕ್ಲಚ್ ತುಳಿದು ಸುಮ್ಮನೆ ಕೂತಳು. ಎಲ್ಲರೂ ಕಾದರು. ಒಳಗಿನ ಸದ್ದು ಇಳಿದು ನಿಂತಿತು. ಬಲಗೈಯಲ್ಲಿ ಗೇರನ್ನು ಮೆಲ್ಲಗೆ ಸರಿಸಿದಳು. ಬೆಣ್ಣೆಯಲ್ಲಿ ಬೆರಳು ಇಳಿದ ಹಾಗೆ ಇಳಿಯಿತು. ಕಾರು ಹಿಂದಕ್ಕೆ ಬಂದು, ಅಂಗಳದಲ್ಲಿ ತಿರುಗಿ, ಮೂತಿಯನ್ನು ಪಶ್ಚಿಮಕ್ಕೂ ಬಾಗಿಲನ್ನು ಪೂರ್ವಕ್ಕೂ ಮಾಡಿ ನಿಂತಿತು.

"ಸಾಕವ್ವ, ಇಳಿ" ಎಂದರು ಮಾವ.

ಪವಿತ್ರ ಇಳಿದಳು. ಸಿಕ್ಕಿದ್ದು ಅಂಗಳದ ಒಂದು ಸುತ್ತು. ಬೇಕಾಗಿದ್ದದ್ದು ರಸ್ತೆ.

ಮನೆಯೆಂದ ಮೇಲೆ ಹಾಲು ಉಕ್ಕಲೇಬೇಕು. ಹೊಸ ಪಾಲಿಷಿನ ಘಮಲಿನ ನಡುವೆ, ಕಾರಿನೊಳಗೆ ಸಣ್ಣ ಗ್ಯಾಸ್ ಒಲೆ ಹಚ್ಚಿ ಹಾಲು ಉಕ್ಕಿಸಿದರು. ಅದು ಉಕ್ಕಿ ಒಲೆ ಆರುವ ತನಕ ಸಣ್ಣಯ್ಯಾಚಾರಿ ಕಣ್ಣು ಮುಚ್ಚಿಕೊಂಡು ಬಕೆಟ್ಟು ನೀರು ಹಿಡಿದು ನಿಂತಿದ್ದ. ಹಾಲು ಉಕ್ಕಿತು, ಮನೆ ಪೂರ್ತಿ ಮನೆಯಾಯಿತು. ಆಗ ಶಿವಸ್ವಾಮಿಗಳು ಕೇಳಿದರು:

"ಇದನ್ನ ನಂಜನಗೂಡಿಗೆ ಒಯ್ಯೋದು ಹೆಂಗೆ?"

"ಲಾರಿ ಮೇಲೆ" ಎಂದರು ಶಂಭುಲಿಂಗಪ್ಪನವರು.

ಗುರುಸಿದ್ದಮ್ಮ ಕೂಗಿಕೊಂಡರು. "ಪೂಜೆ ಆದ ಹೊಸ್ತಿಲನ್ನ ಲಾರಿಗೆ ಹೇರೋದಾ? ಮನೆ ಏಲಂ ಆದೋರು ಹಂಗೆ ಹೇರ್ಕೊಂಡು ಹೋಗೋದು!"

"ಹಂಗಾರೆ ಅದೇ ನಡ್ಕೊಂಡು ಬರ್ಬೇಕು" ಎಂದು ಅಯ್ನೋರು ತೀರ್ಪು ಕೊಟ್ಟರು. "ಮನೆ ಜೊತೆ ಹೊಸ್ತಿಲೂ ಬಂದ್ರೆ ಹೊಸ್ತಿಲು ಕದಲಿದಂಗಲ್ಲ. ಆದ್ರೆ ಹಾಲುಕ್ಕಿದ ದಿನ ಹೊತ್ತು ಮುಳುಗೋ ತನಕ ಬಾಗಿಲು ದಕ್ಷಿಣ ನೋಡಬಾರ್ದು. ನಂಜನಗೂಡು ಇಲ್ಲಿಂದ ಪಶ್ಚಿಮಕ್ಕೆ. ದಾರಿಯುದ್ದಕ್ಕೂ ಬಾಗಿಲು ಪೂರ್ವಕ್ಕೇ ಇರ್ತದೆ. ಶುಭ."

ಎಲ್ಲರ ಕಣ್ಣೂ ಕುಮಾರನ ಮೇಲೆ ಬಿದ್ದವು. ಅವನು ಎರಡೂ ಕೈ ಮುಗಿದ. ಆಮೇಲೆ ಎಲ್ಲರೂ ಪವಿತ್ರಳನ್ನು ನೋಡದಂತೆ ನೋಡಿದರು. ಹೊಸ ಮನೆಯೊಳಗೆ ಮೊದಲ ದಿನವೇ ಹೇಗೆ, ಎಂಬುದನ್ನು ಬಾಯಿಬಿಟ್ಟು ಹೇಳುವವರು ಇರಲಿಲ್ಲ. ಬಸವ ಜಯಂತಿಯ ಭಾಷಣ ಎಲ್ಲರಿಗೂ ನೆನಪಿತ್ತು.

"ಆಚಾರ್ರೇ, ಡ್ರೈವರ್ ಸೀಟು ಹೊಸ್ತಿಲಿನ ಒಳಗೋ ಹೊರಗೋ?" ಎಂದು ಪವಿತ್ರಳೇ ಕೇಳಿದಳು.

ಆಚಾರಿ ಹೋಗಿ ನೋಡಿದ. ಡ್ರೈವರಿನ ಹಿಂದೆ ಅವನೇ ಹಲಗೆಯ ಗೋಡೆ ಎಬ್ಬಿಸಿ, ಅಡುಗೆಮನೆಗೆ ಇಡುವಂಥ ಸಣ್ಣ ಕಿಟಕಿ ಇಟ್ಟಿದ್ದ. "ಗ್ವಾಡೆಯಿಂದ ಆಚೆಗೈತೆ ಕಣವ್ವ. ಅದು ಮನೆಗೆ ಸೇರಾಕಿಲ್ಲ. ಗಾಡಿ ಓಡ್ಸೋನ ಜಾಗ."

"ಹಂಗಿದ್ರೆ ದೋಷ ಇಲ್ಲ" ಎಂದರು ಅಯ್ನೋರು. ಎಲ್ಲರಿಗೂ ನಿರಾಳವಾಯಿತು. ತನ್ನನ್ನು ಮನೆಯಿಂದ ಹೊರಗಿಟ್ಟ ಮಾತಿಗೆ ಅಷ್ಟು ಸಂತೋಷಪಟ್ಟ ಸೊಸೆ ನಂಜನಗೂಡು ತಾಲ್ಲೂಕಿನಲ್ಲಿ ಬೇರೆ ಇದ್ದಿರಲಾರಳು.

ಮಾವ, ಅತ್ತೆ, ಅಯ್ನೋರು ಬಲಗಾಲಿಟ್ಟು ಹೊಸ್ತಿಲು ದಾಟಿ ಮನೆಯೊಳಗೆ ಕೂತರು. ಮನೆ ಹೊರಟಿತು.

ಊರು ದಾಟಿ ರಸ್ತೆ ಬಿಚ್ಚಿಕೊಂಡಿತು. ಎರಡನೆಯ ಗೇರು ಬಿತ್ತು, ಮೂರನೆಯದೂ ಬಿತ್ತು. ಎರಡು ಕಡೆಯೂ ಗದ್ದೆ. ಹಿಂದೆ ಶಂಭುಲಿಂಗಪ್ಪನವರು ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಮಡಿಲಲ್ಲಿಟ್ಟುಕೊಂಡಿದ್ದರು. ರಸ್ತೆ ಸೊಟ್ಟಗಾದಾಗಲೆಲ್ಲ ಕಿಟಕಿಯಿಂದ ಕೂಗು ಬರುತ್ತಿತ್ತು. "ಆಗ್ನೇಯ! ಆಗ್ನೇಯ ಆಯ್ತು ಕಣವ್ವ, ನೆಟ್ಟಗೆ ಮಾಡು!"

"ರಸ್ತೆ ಅಲ್ವಾ ಮಾವ ಸೊಟ್ಟ ಇರೋದು?"

"ಪಿ.ಡಬ್ಲ್ಯೂ.ಡಿ.ಯೋರಿಗೆ ದಿಕ್ಕಿನ ಜ್ಞಾನವೇ ಇಲ್ಲ" ಎಂದರು ಅಯ್ನೋರು.

ಹದಿನಾರು ಎಂಬ ಹಳ್ಳಿಗೆ ತಿರುಗುವ ಕಡೆ ಚಹಾ ಅಂಗಡಿಯ ಮುಂದೆ ಕೂತವರು ಎದ್ದು ನಿಂತರು. "ಲೇ, ಯಾರ್ದೋ ಹಟ್ಟಿ ಓಯ್ತಾ ಐತೆ ಕಣ್ಲಾ!" ಎಂದು ಒಬ್ಬ ಕೂಗಿದ. ಗುರುಸಿದ್ದಮ್ಮ ಮನೆಯ ಕಿಟಕಿಯಿಂದ ಗಂಭೀರವಾಗಿ ತಲೆ ಆಡಿಸಿದರು.

ನಂಜನಗೂಡು ಬೇಗ ಬಂದುಬಿಟ್ಟಿತು. ರಸ್ತೆಯ ಬಲಕ್ಕೆ ಮಂಟಪ. ಗೇಟಿನಲ್ಲಿ ವಾಲಗದವರು, ಹಾರ ಹಿಡಿದ ಗಣ್ಯರು, ಅವರ ಹಿಂದೆ ಕಟ್ಟೆ, ಕಟ್ಟೆಯ ಪಕ್ಕದಲ್ಲಿ ಕಲಸಿಟ್ಟ ಸಿಮೆಂಟು. ಪವಿತ್ರಳ ಕಾಲು ಬ್ರೇಕಿನತ್ತ ಹೋಯಿತು. ಆಗ ಅವಳಿಗೆ ಹೊಳೆಯಿತು. ಗೇಟು ಬಲಕ್ಕೆ, ಅಂದರೆ ಉತ್ತರಕ್ಕೆ.

"ಮಾವ, ಒಳಗೆ ತಿರುಗಿಸ್ಲಾ? ಬಾಗಿಲು ದಕ್ಷಿಣಕ್ಕೆ ಬರ್ತದೆ."

ಹಿಂದೆ ದಿಕ್ಸೂಚಿಯ ಮೇಲೆ ಮೂರು ತಲೆಗಳು ಸೇರಿದವು. "ಬೇಡ! ಬೇಡ!" ಎಂದು ಗುರುಸಿದ್ದಮ್ಮ ಚೀರಿದರು.

"ಇಲ್ಲೇ ರಸ್ತೇಲೇ ನಿಲ್ಸು" ಎಂದರು ಮಾವ. ಹಿಂದಿದ್ದ ಕಬ್ಬಿನ ಟ್ರಾಕ್ಟರ್ ಹಾರನ್ ಒತ್ತಿತು. ಅದರ ಹಿಂದಿನ ಬಸ್ಸು ಇನ್ನೂ ಜೋರಾಗಿ ಒತ್ತಿತು. "ನಿಮ್ ಮನೆ ಅನ್ಕಂಡಿದ್ದೀರಾ ರಸ್ತೆನಾ?" ಎಂದು ಯಾರೋ ಬೈದರು.

"ರಿವರ್ಸಲ್ಲಿ ಒಳಗೆ ಹೋಗು! ಆಗ ಬಾಗಿಲು ಉತ್ತರಕ್ಕೆ ಇರ್ತದೆ!" ಮಾವನವರ ಬುದ್ಧಿ ಕಷ್ಟದಲ್ಲಿ ಚುರುಕಾಗುತ್ತಿತ್ತು.

ರಿವರ್ಸಿನಲ್ಲಿ ಹೋಗಬಹುದಿತ್ತು. ಗೇಟು ಅಗಲವಾಗಿತ್ತು, ಅವಳಿಗೆ ಬರುತ್ತಲೂ ಇತ್ತು. ಪವಿತ್ರ ಸ್ಟೇರಿಂಗ್ ಹಿಡಿದುಕೊಂಡೇ, ಕಿಟಕಿಯ ಕಡೆ ಅರೆ ತಿರುಗಿ, ತೀರ ವಿನಯದಿಂದ ಕೇಳಿದಳು.

"ಅಯ್ನೋರೇ, ಹಾಲುಕ್ಕಿದ ದಿನ ಮನೆ ಹಿಂದಕ್ಕೆ ಹೋಗಬಹುದಾ?"

ಶಿವಸ್ವಾಮಿಗಳು ಆ ಬಗ್ಗೆ ಅದುವರೆಗೆ ಯೋಚಿಸಿರಲಿಲ್ಲ. ಆದರೆ ಮಾಡಬಹುದಾ ಎಂದು ಕೇಳಿದವರಿಗೆ ಮಾಡಿ ಎಂದು ಅವರು ಜೀವಮಾನದಲ್ಲಿ ಹೇಳಿದವರಲ್ಲ. "ಛೆ, ಛೆ! ಮನೆ ಹಿಂದಕ್ಕೆ ಹೋಗೋದು ಅಂದ್ರೆ ವಂಶ ಹಿಂದಕ್ಕೆ ಹೋದಂಗೆ."

"ಮುಂದಕ್ಕೆ ಹೋಗೇ ತಾಯಿ!" ಎಂದರು ಗುರುಸಿದ್ದಮ್ಮ.

ಪವಿತ್ರ ಮುಂದಕ್ಕೆ ಹೋದಳು. ಹಾರಗಳು ಗಾಳಿಯಲ್ಲೇ ಉಳಿದವು. ವಾಲಗದವರು ಊದುತ್ತ ಒಂದಿಷ್ಟು ದೂರ ಹಿಂದೆ ಓಡಿ ಬಂದು ನಿಂತರು. ಹೆದ್ದಾರಿ ಸೇರುವ ಕಡೆ ಬಲಕ್ಕೆ ತಿರುಗಿದರೆ ಮೈಸೂರು, ಉತ್ತರ. ಅವಳು ಎಡಕ್ಕೆ ತಿರುಗಿದಳು.

"ಇದು ಗುಂಡ್ಲುಪೇಟೆ ರಸ್ತೆ! ಎಲ್ಲಿಗೆ ಹೊರಟೆಯವ್ವ?"

"ಬಾಗಿಲು ಉತ್ತರಕ್ಕಿದೆ ಮಾವ. ಕುಬೇರನ ದಿಕ್ಕು."

ದಿಕ್ಸೂಚಿ ಹೌದು ಎಂದಿತು. "ಹೊತ್ತು ಮುಳುಗೋಕೆ ಇನ್ನೂ ಎಷ್ಟು ಹೊತ್ತಿದೆ?" ಎಂದು ಮಾವನವರ ದನಿ ಸಣ್ಣಗೆ ಕೇಳಿತು. "ಬೇಕಾದಷ್ಟಿದೆ" ಎಂದರು ಅಯ್ನೋರು.

ರಸ್ತೆ ಅಗಲವಾಗಿತ್ತು, ನೇರವಾಗಿತ್ತು. ಪವಿತ್ರ ಕ್ಲಚ್ ತುಳಿದು, ತಾಳಿ, ಕೊನೆಯ ಗೇರಿಗೆ ಸರಿಸಿದಳು. ಕಾರು ಮೈ ಹಗುರ ಮಾಡಿಕೊಂಡು ಓಡಿತು. ಅವಳಿಗೆ ಇದ್ದಕ್ಕಿದ್ದಂತೆ ವಿಪರೀತ ಹಸಿವಾಯಿತು. ಬೇಗೂರಿನಲ್ಲಿ ರಸ್ತೆಯ ಎಡಕ್ಕೇ ಒಂದು ಹೋಟೆಲಿದೆ, ತಿರುಗಿಸದೆ ನಿಲ್ಲಿಸಬಹುದು.