ಕನ್ನಂಬಾಡಿ ಗೇಟು

“ಈ ಚಂದ್ರು ಅನ್ನೋನ ಕಿವಿ ನೋಡೇ, ಎರಡು ಮೊರ ಕಟ್ಟಿದಂಗವೆ! ಗಾಳಿ ಬೀಸಿದ್ರೆ ಚಾಮುಂಡಿಬೆಟ್ಟ ದಾಟಿ ನಂಜನಗೂಡಲ್ಲಿ ಇಳೀತಾನೆ.”

ಶ್ರೀರಾಂಪುರದ ಮನೆಯ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಾ ಪಾರ್ವತಮ್ಮ ಆನ್‌ಲೈನ್ ಕ್ಲಾಸಿಗೆ ಕೂತಿದ್ದ ಮೊಮ್ಮಗಳ ಫೋನಿಗೆ ಇಣುಕಿದಳು. ಲಾಸ್ಯ ನಗಲಿಲ್ಲ. ಕೊರೋನಾ ವರ್ಷವೇ ಹೊಸ ಶಾಲೆಗೆ ಸೇರಿದ್ದ ಅವಳು ಏಳನೇ ಕ್ಲಾಸಿನವರನ್ನೆಲ್ಲ ಅಂಗೈಯಗಲದ ಪರದೆಯಲ್ಲಷ್ಟೇ ಕಂಡಿದ್ದಳು. ಆರು ತಿಂಗಳಾದರೂ ಅವರ ವಾಟ್ಸಾಪ್ ಗುಂಪಿಗೆ ಯಾರೂ ಸೇರಿಸಿಕೊಂಡಿರಲಿಲ್ಲ. ದಿನಾ ಸಂಜೆ “ಏನ್ ಮಾಡ್ತಿದೀಯೇ?” ಎಂದು ಮೆಸೇಜು ಹಾಕುತ್ತಿದ್ದವಳು ಭವ್ಯಶ್ರೀ ಒಬ್ಬಳೇ.

ಶನಿವಾರದ ಕೊನೆಯ ಪೀರಿಯಡ್ಡು ‘ಮನಸ್ಸಿನ ಮಾತು’. ತಮಗೇನನ್ನಿಸುತ್ತಿದೆ ಎಂದು ಒಬ್ಬೊಬ್ಬರೂ ಹೇಳಬೇಕು. ರಂಜನಿ ಮಿಸ್ಸು ಅದಕ್ಕೂ ಮಾರ್ಕ್ಸು ಕೊಡುತ್ತಿದ್ದರು.

ಭವ್ಯಶ್ರೀಯ ಸರದಿ ಬಂತು. “ಅಮ್ಮ ನರ್ಸು ಮಿಸ್. ಕೋವಿಡ್ ವಾರ್ಡಲ್ಲಿದಾರೆ. ಹನ್ನೆರಡು ದಿನದಿಂದ ಗೇಟಾಚೆ ನಿಂತು ನೋಡ್ಕೊಂಡು ಹೋಗ್ತಾರೆ. ಒಳಗೇ ಬರಲ್ಲ…” ಅಷ್ಟಕ್ಕೇ ಕಣ್ಣು, ಮೂಗು ಒಂದಾಗಿ ಹರಿದವು.

“ಅಯ್ಯಯ್ಯೋ, ಕನ್ನಂಬಾಡಿ ಕಟ್ಟೆ ಗೇಟೆಲ್ಲಾ ಒಟ್ಗೇ ಎತ್ತುಬುಟ್ರಲ್ಲಪ್ಪೋ! ಇನ್ನೊಂದ್ ಗಳಿಗೆ ಅತ್ರೆ ಶ್ರೀರಂಗಪಟ್ನ ಕೊಚ್ಕೊಂಡೋಯ್ತದೆ ಕಣೇ,” ಅಜ್ಜಿ ಪಿಸುಗುಟ್ಟಿದಳು.

ಲಾಸ್ಯ ಅಜ್ಜಿಯನ್ನು ನೋಡಿದಳು, ಪರದೆಯನ್ನು ನೋಡಿದಳು. ಮುಚ್ಚಿದ್ದ ಮೈಕು ಒತ್ತಿ ತೆರೆದಳು.

“ಏನಂದೆ ಅಜ್ಜಿ? ಜೋರಾಗಿ ಹೇಳು.”

ಜೋರಾಗಿ ಹೇಳು ಎಂದರೆ ಪಾರ್ವತಮ್ಮನಿಗೆ ಹಬ್ಬ. ಈ ಸಲ ಶ್ರೀರಂಗಪಟ್ಟಣದ ಜೊತೆಗೆ ಇಡೀ ತಮಿಳುನಾಡನ್ನೂ ಮುಳುಗಿಸಿದಳು.

ಪರದೆಯ ತುಂಬ ಹಲ್ಲು. ಮಿಸ್ಸು “ಸೈಲೆನ್ಸ್” ಎನ್ನುತ್ತಲೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಭವ್ಯಶ್ರೀಯ ಚೌಕ ಕಪ್ಪಾಯಿತು.

“ಅಯ್ಯೋ, ಆ ಮಗೀಗೆ ಕೇಳುಸ್ಬುಡ್ತೇನೇ?”

“ಕೇಳಿಸ್ಲಿ ಬಿಡಜ್ಜಿ.”

ಚಂದ್ರು ಆಗಲೇ ಲಾಸ್ಯಳನ್ನು ಗುಂಪಿಗೆ ಸೇರಿಸಿದ್ದ. ಸಂಜೆಯೊಳಗೆ ಅರವತ್ತು ಮೆಸೇಜು ಬಂದವು. ಅಳುಬುರುಕಿಗೆ ‘ಕನ್ನಂಬಾಡಿ’ ಎಂದು ಹೆಸರಿಟ್ಟಾಗಿತ್ತು. ಭವ್ಯಶ್ರೀಯ ಮೆಸೇಜು ಮಾತ್ರ ಬರಲಿಲ್ಲ.

ಮುಂದಿನ ಶನಿವಾರ ಲಾಸ್ಯ ತಾನೇ ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. “ಅವಳ ಸರದಿ ಬಂದಾಗ ಹೇಳ್ಬೇಕು. ಎಲ್ಲಾ ಕಾಯ್ತಿದಾರೆ.”

ಭವ್ಯಶ್ರೀ ನೀಟಾಗಿ ತಲೆ ಬಾಚಿ, ಪೌಡರು ಹಾಕಿಕೊಂಡು ಕೂತಿದ್ದಳು.

“ಹೇಗಿದೀಯಮ್ಮ?”

“ಚೆನ್ನಾಗಿದೀನಿ ಮಿಸ್.” ಅವಳು ನಕ್ಕಳು. “ಅಮ್ಮಂಗೂ ಬಂದಿದೆ. ಅದೇ ವಾರ್ಡಲ್ಲಿ ಮಲಗ್ಸಿದಾರೆ.” ಹೇಳಿ ಇನ್ನೂ ಜೋರಾಗಿ ನಕ್ಕಳು.

“ಭೇಷ್! ಹೀಗೆ ಧೈರ್ಯವಾಗಿರ್ಬೇಕು. ಹತ್ತಕ್ಕೆ ಹತ್ತು.”

ಲಾಸ್ಯ ಮೈಕು ಒತ್ತಿ ಅಜ್ಜಿಯ ಪಕ್ಕೆ ತಿವಿದಳು. “ಹೇಳಜ್ಜಿ.”

ಪಾರ್ವತಮ್ಮ ತಲೆ ಎತ್ತಲಿಲ್ಲ. ಸುಲಿದ ಅವರೆಕಾಳನ್ನು ಸಿಪ್ಪೆಯ ರಾಶಿಗೆ ಎಸೆಯುತ್ತಾ, ಸಿಪ್ಪೆಯನ್ನು ಪಾತ್ರೆಗೆ ತುಂಬುತ್ತಾ ಇದ್ದಳು.