ಒಂಬತ್ತನೆಯ ಗುಳಿ

"ಎರಡು ವೈರಸ್‌ನ ಸಾಲು ಅದಲುಬದಲು ಮಾಡಿದ್ದೀಯ. ಒಪ್ಕೊಂಡು ಸಹಿ ಹಾಕು," ಎಂದು ಮೇಲ್ವಿಚಾರಕ ಕಾಗದ ತಳ್ಳಿದ. ಉಗ್ರಾಣದಿಂದ ಬಡ್ತಿ ಪಡೆದು ಪ್ರಯೋಗಾಲಯಕ್ಕೆ ಬಂದವನು. ಪಟ್ಟಿ ನೋಡುತ್ತಿದ್ದ, ಪರೀಕ್ಷೆಯ ತಟ್ಟೆ ನೋಡಿದವನಲ್ಲ.

ಟೆಕ್ನಿಷಿಯನ್ ಪೆನ್ನು ಮುಟ್ಟಲಿಲ್ಲ. ಸಹಿ ಹಾಕಿದರೆ ಇಸ್ತ್ರಿ ಅಜ್ಜಿಯ ರಕ್ತ ಲಸಿಕೆಯ ವರದಿಯಿಂದ ಹೊರಬೀಳುತ್ತದೆ. ಹಾಕದಿದ್ದರೆ ತಿಂಗಳ ಕೊನೆಗೆ ಟೆಕ್ನಿಷಿಯನ್ನೇ ಕೆಲಸದಿಂದ ಹೊರಬೀಳುತ್ತಾಳೆ. ಅವಳ ಗುತ್ತಿಗೆ ಮುಂದುವರಿಸುವವನು ಅವನೇ.

"ಇನ್ನೊಂದ್ಸಲ ಮಾಡ್ತೀನಿ ಸಾರ್."

ಆಸ್ಪತ್ರೆಯ ಬಟ್ಟೆ ಇಸ್ತ್ರಿ ಮಾಡುವ ಅಜ್ಜಿಗೆ ಈ ವರ್ಷದ ಫ್ಲೂ ಲಸಿಕೆ ಹಾಕುವ ಮೊದಲೊಮ್ಮೆ, ಹಾಕಿದ ಮೂರು ವಾರದ ಮೇಲೆ ಇನ್ನೊಮ್ಮೆ ರಕ್ತ ತೆಗೆದಿದ್ದರು. ಅದರ ತಿಳಿ ದ್ರವವನ್ನು ತಟ್ಟೆಯ ಗುಳಿಯಿಂದ ಗುಳಿಗೆ ತೆಳುವಾಗಿಸುತ್ತ ಹೋಗಿ, ವೈರಸ್ ಬೆರೆಸಿ, ಕೆಂಪು ರಕ್ತಕಣ ಹಾಕಬೇಕು. ಮೈ ಆ ವೈರಸ್ಸನ್ನು ಬಲ್ಲದಾದರೆ ಕಣಗಳು ತಳದಲ್ಲಿ ಬೊಟ್ಟಾಗಿ ಕೂರುತ್ತವೆ. ಇಲ್ಲದಿದ್ದರೆ ಹರಡಿಕೊಳ್ಳುತ್ತವೆ. ಬೊಟ್ಟು ಹೆಚ್ಚಿದಷ್ಟೂ ಮೈಯ ಗುರುತು ಗಟ್ಟಿ. ಲಸಿಕೆಯ ನಂತರ ಅಜ್ಜಿಗೆ ಈ ವರ್ಷದ ವೈರಸ್ಸಿಗೆ ಐದು ಬೊಟ್ಟು. ಫ್ರೀಜರಿನಲ್ಲಿದ್ದ ಅರವತ್ತು ವರ್ಷ ಹಳೆಯದಕ್ಕೆ ಒಂಬತ್ತು. ಲಸಿಕೆಗೆ ಮೊದಲು ಹಳೆಯದಕ್ಕೆ ಏಳಿತ್ತು, ಹೊಸದಕ್ಕೆ ಸೊನ್ನೆ. ಲಸಿಕೆ ಹೊಸದಕ್ಕೆ, ಹೆಚ್ಚು ಬೊಟ್ಟು ಹಳೆಯದಕ್ಕೆ; ಅದಕ್ಕೇ ಮೇಲ್ವಿಚಾರಕ ಅದಲುಬದಲೆಂದದ್ದು.

ಈ ಸಲ ಅದೇ ತಟ್ಟೆಯಲ್ಲಿ, ಇದೇ ಲಸಿಕೆ ಪಡೆದಿದ್ದ ಇಪ್ಪತ್ತು ವರ್ಷ ವಯಸ್ಸಿನ ಕಾವಲುಗಾರನ ರಕ್ತವನ್ನೂ ಇಟ್ಟಳು. ಹಳೆಯ ವೈರಸ್ಸನ್ನು ಅವನ ಮೈ ಕಂಡೇ ಇಲ್ಲ; ಸಾಲು ಅದಲುಬದಲಾದರೆ ಅವನದೂ ಆಗಬೇಕು. ಕಣಗಳು ಕೂರಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಇಸ್ತ್ರಿ ಕೋಣೆಗೆ ಇಳಿದಳು.

"ಅಜ್ಜಿ, ಚಿಕ್ಕವರಿದ್ದಾಗ ದೊಡ್ಡ ಜ್ವರ ಏನಾದ್ರೂ ಬಂದಿತ್ತಾ?"

"ಆರು ವರ್ಷ ನಂಗೆ. ಅಕ್ಕ, ನಾನು ಒಂದೇ ಚಾಪೇಲಿ ಮಲಗಿದ್ವಿ. ಎದ್ದಿದ್ದು ನಾನೊಬ್ಳೇ." ಅಜ್ಜಿ ದಿಂಬಿನ ಚೀಲ ಮಗುಚಿ ಹಾಕಿದಳು. "ಯಾಕೆ?"

"ಮೊದಲು ಕಂಡ ಫ್ಲೂನ ಮೈ ಮರೆಯಲ್ಲ. ಈಗ ಹೊಸದಕ್ಕೆ ಚುಚ್ಚಿದ್ರೂ ಹಳೇದರ ನೆನಪೇ ಮೊದ್ಲು ಎದ್ದು ಕೂರುತ್ತೆ."

"ಹಳೇ ಗಂಡನ ಪಾದವೇ ಗತಿ ಅನ್ನು!" ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು. "ಹಂಗಾದ್ರೆ ಸೂಜಿ ದಂಡನಾ?"

"ಇಲ್ಲ, ಹೊಸದನ್ನೂ ಕಲ್ತಿದೆ. ಆದ್ರೆ ಸಾರ್ ನಂಬ್ತಿಲ್ಲ, ನಾನು ತಪ್ಪು ಮಾಡ್ದೆ ಅಂತ ಸಹಿ ಹಾಕ್ಬೇಕಂತೆ."

ಅಜ್ಜಿಯ ನಗು ನಿಂತಿತು. "ಅಕ್ಕನ್ನ ತಿಂದ ಜ್ವರ ಅದು. ಅದನ್ನೇ ಇಲ್ಲ ಅಂತಾನಾ? ಸಹಿ ಹಾಕಿದ್ಯೋ, ನಿನ್ನ ಕೋಟಿಗೆ ಇಸ್ತ್ರಿ ಇಲ್ಲ, ಹೋಗ್!"

ಮೇಲೆ ಬಂದು ತಟ್ಟೆಯನ್ನು ಬೆಳಕಿಗೆ ಹಿಡಿದಳು. ಕಾವಲುಗಾರನ ಹೊಸ ವೈರಸ್ಸಿನ ಸಾಲಿನಲ್ಲಿ ಆರು ಬೊಟ್ಟು, ಹಳೆಯದರ ಸಾಲಿನಲ್ಲಿ ಒಂದೂ ಇಲ್ಲ. ಅಜ್ಜಿಯ ಹಳೆಯ ಸಾಲಿನಲ್ಲಿ ಒಂಬತ್ತು.

ಮೇಲ್ವಿಚಾರಕನ ಮುಂದೆ ತಟ್ಟೆಯನ್ನು ಓರೆ ಮಾಡಿದಳು. ಬೊಟ್ಟುಗಳು ಸಣ್ಣ ಬಾಲ ಬಿಟ್ಟುಕೊಂಡು ಕೆಳಗಿಳಿದವು.

"ಎಣಿಸಿ ಸಾರ್."

ಅವನು ಎಣಿಸಲಿಲ್ಲ. "ಗುತ್ತಿಗೆ ನೆನಪಿದೆ ತಾನೆ?"

"ಚೆನ್ನಾಗಿ ನೆನಪಿದೆ."

ಅವಳು ಕಾಗದ ಎಳೆದುಕೊಂಡು, ಅಚ್ಚಾಗಿದ್ದ ತಪ್ಪೊಪ್ಪಿಗೆಯ ಮೇಲೆ ಉದ್ದಕ್ಕೆ ಗೀಟು ಎಳೆದಳು. ಕೆಳಗೆ ಬರೆದಳು: 'ಎರಡು ಬಾರಿ ಪರೀಕ್ಷಿಸಿದೆ. ಎರಡು ಬಾರಿಯೂ ಒಂಬತ್ತು.'

"ಸಹಿ ಕೇಳಿದ್ರಲ್ಲ, ತಗೊಳ್ಳಿ," ಎಂದು ಸಹಿ ಹಾಕಿ ಕಾಗದವನ್ನು ಅವನತ್ತ ತಳ್ಳಿದಳು.