ಗುರ್ತ ಸಿಕ್ಕಿತಾ ಎಂದು ಕೇಳಲು ಬಂದವರು

ನಮ್ಮೂರು ವಾಮದಪದವಿನಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಸಾಕು, ನೋಡಲು ಹೊರಟವರಿಂದ ಬಾಡಿಗೆ ಜೀಪು ತುಂಬಿಬಿಡುತ್ತದೆ. ಬಂದವರೆಲ್ಲ ರೋಗಿಯ ಮುಖದ ಮೇಲೆ ಬಗ್ಗಿ ಕೇಳುವುದು ಒಂದೇ: "ನನ್ನ ಗುರ್ತ ಸಿಕ್ಕಿತಾ?" ನಾನು ಕಾಂತಿ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಈ ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿದೆ.

ಹೋದ ವರ್ಷ, ೧೯೮೬ರಲ್ಲಿ, ನಮ್ಮ ಆಸ್ಪತ್ರೆಯಲ್ಲೇ ನನ್ನ ಅಣ್ಣ ಕಮಲಾಕ್ಷನ ಮೆದುಳಿನಲ್ಲಿದ್ದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು. ಮತ್ತಿನ ಮದ್ದು ಇಳಿಯುತ್ತಿತ್ತು, ಕಣ್ಣು ಅರ್ಧ ತೆರೆದಿದ್ದ. ನಾನು ಡ್ರಿಪ್ ಬಾಟಲಿ ತರುವಷ್ಟರಲ್ಲಿ ನಮ್ಮ ಸೋದರಮಾವ ಮುಂಡಪ್ಪ ಒಳಗೆ ನುಗ್ಗಿ, ಅವನ ಹೆಗಲು ಹಿಡಿದು ಅಲುಗಾಡಿಸುತ್ತಿದ್ದರು!

"ಕಮಲಾಕ್ಷಾ! ನನ್ನ ಗುರ್ತ ಸಿಕ್ಕಿತಾ? ಎದ್ದು ಕೂತ್ಕೊ, ಪೊಳಲಿ ದೇವಸ್ಥಾನದ ಪ್ರಸಾದ ಉಂಟು."

ಅಣ್ಣ ಬೆಚ್ಚಿ ಏಳಲು ಹೋದ. ಕೆಮ್ಮು ಹತ್ತಿತು, ರಕ್ತದೊತ್ತಡ ಏರಿತು. ಡಾಕ್ಟರು ಓಡಿ ಬಂದು ಮದ್ದು ಕೊಟ್ಟು ಹೇಗೋ ಇಳಿಸಿದರು. ನಾನು ಮಾವನನ್ನು ಹೊರಗೆ ಎಳೆದು ತಂದೆ.

"ಎಂಥದ್ದು ಮಾವ ಇದು? ಅವನನ್ನು ನೋಡ್ಲಿಕ್ಕೆ ಬಂದದ್ದಾ, ಕೊಲ್ಲಲಿಕ್ಕಾ?"

"ಡಾಕ್ಟ್ರು ಹೆಸರು ಕೇಳ್ಬಹುದು, ಸಾಕಿದ ಮಾವ ಗುರ್ತ ಕೇಳ್ಬಾರದಾ?"

"ಡಾಕ್ಟ್ರು ಮೆಲ್ಲ ಕೇಳಿ ಪರೀಕ್ಷೆ ಮಾಡ್ತಾರೆ. ನೀವು ಹುಣಸೆ ಮರದ ಗೆಲ್ಲು ಅಲುಗಾಡಿಸಿದ ಹಾಗೆ ಅಲುಗಾಡಿಸ್ತೀರಿ! ಮತ್ತಿನ ಮದ್ದು ಇಳಿಯುವಾಗ ಮೆದುಳಿಗೆ ಹೋಗುವ ರಕ್ತ ತನ್ನಷ್ಟಕ್ಕೇ ಹೆಚ್ಚಾಗ್ತದೆ. ಅದರ ಮೇಲೆ ಹೆದರಿದ್ರೆ, ಕೆಮ್ಮಿದ್ರೆ ತಲೆಯೊಳಗೆ ಒತ್ತಡ ಇನ್ನೂ ಏರ್ತದೆ. ನೀವು ತೋಡಿನ ನೀರಿಗೆ ಅಡ್ಡ ಮಣ್ಣಿನ ಕಟ್ಟ ಕಟ್ತೀರಲ್ಲ, ಮಣ್ಣು ಹಸಿ ಇರುವಾಗಲೇ ನೀರು ಪೂರ್ತಿ ಬಿಡ್ತೀರಾ?"

"ಯಾರಾದ್ರೂ ಬಿಡ್ತಾರಾ? ಒಡೆದು ಹೋಗುದಿಲ್ಲವಾ?"

"ಅವನ ತಲೆಯೊಳಗಿನ ಗಾಯವೂ ಹಸಿಯೇ. ಒಡೆದ್ರೆ ಒಳಗೇ ರಕ್ತ ಸೋರ್ತದೆ. ಜೀವವೇ ಹೋದೀತು ಮಾವ!"

ಮಾವನ ಮುಖ ಇಳಿದುಹೋಯಿತು. ಪ್ರಸಾದದ ಪೊಟ್ಟಣ ಹಿಡಿದುಕೊಂಡು ಬಾಗಿಲ ಬಳಿಯ ಬೆಂಚಿನಲ್ಲಿ ಕೂತರು. ಜೀಪಿನಲ್ಲಿ ಬಂದವರು ಇಣುಕಿದಾಗ ಅವರೇ ಗದರಿದರು: "ಹೋಗಿ ಮಾರಾಯ್ರೆ! ಇದೇನು ಕೋಳಿ ಕಾದಾಡುವ ಅಂಕವಾ, ಸುತ್ತ ನಿಂತು ನೋಡ್ಲಿಕ್ಕೆ?"

ಮರುದಿನ ಡಾಕ್ಟರು ಒಬ್ಬರನ್ನು ಮಾತ್ರ ಒಳಗೆ ಬಿಟ್ಟರು. ಮಾವ ತುಟಿ ಪಿಟಕ್ಕೆನ್ನದೆ ಮಂಚದ ಬಳಿ ನಿಂತರು. ಅಣ್ಣ ಕಣ್ಣು ತೆರೆದು ಅವರನ್ನೇ ನೋಡಿದ.

"ಎಂಥ ಮುಂಡಪ್ಪ ಮಾವ, ಸುಮ್ಮನೆ ನಿಂತದ್ದು? ನನ್ನ ಗುರ್ತ ಸಿಗ್ಲಿಲ್ವಾ?"

ಮಾವ ಹೆಗಲ ಮೇಲಿನ ಬೈರಾಸು ತೆಗೆದು ಮುಖ ಮುಚ್ಚಿಕೊಂಡು ಅತ್ತರು.

ಅಣ್ಣಂದಿರೇ, ಅಕ್ಕಂದಿರೇ, ಕೈಮುಗಿದು ಹೇಳುತ್ತೇನೆ. ತಲೆಯ ಆಪರೇಷನ್ ಆಗಿ ಎಚ್ಚರವಾಗುತ್ತಿರುವವರನ್ನು ಅಲುಗಾಡಿಸಬೇಡಿ, ಕೂಗಿ ಕರೆಯಬೇಡಿ, ನೀವಾಗಿ ಎಬ್ಬಿಸಿ ಕೂರಿಸಬೇಡಿ. ವಾಂತಿಯಾದರೆ, ತಲೆನೋವು ಜೋರಾದರೆ, ಮಂಪರು ಹೆಚ್ಚಾದರೆ ತಡಮಾಡದೆ ನರ್ಸನ್ನು ಕರೆಯಿರಿ. ನಿಮ್ಮ ಗುರುತು ನಾಳೆ ಸಿಕ್ಕಿದರೂ ಆಗುತ್ತದೆ. ಅವರು ನಾಳೆಗೆ ಇರಬೇಕಲ್ಲ!